ಕಂಪ್ಯೂಟರಲ್ಲಿ ಕನ್ನಡ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು: ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಿಂದ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಬೆಳಿಗ್ಗೆ ಲಗ್ನಪತ್ರಿಕೆಯವರು ಬರುತ್ತಾರೆ, ಮಧ್ಯಾಹ್ನ ಮೆಕ್ಕೆಜೋಳದ ಮಂಡಿಯ ಗುಮಾಸ್ತರು, ಸಂಜೆ ಶಿವಗಂಗೋತ್ರಿ (ದಾವಣಗೆರೆ ವಿಶ್ವವಿದ್ಯಾಲಯ) ಕಡೆಯಿಂದ ಪಿಎಚ್‌.ಡಿ. ಹುಡುಗರು. ನಡುನಡುವೆ ಆತ್ಮಕಥೆಯನ್ನೋ ಊರಿನ ಇತಿಹಾಸವನ್ನೋ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುವ ನಿವೃತ್ತ ಮೇಷ್ಟ್ರುಗಳು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನ. ಪ್ರಿಂಟರ್ ಸದ್ದಿನ ನಡುವೆ ಉತ್ತರ ಕೂಗಿ ಕೂಗಿ ಸಾಕಾಯ್ತು, ಅದಕ್ಕೇ ಬರೆದಿಟ್ಟೆ. ಇಲ್ಲಿ ಹೇಳಿರುವ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಉಚಿತ. ದುಡ್ಡು ಬೇಕಾದ ಕಡೆ ಹೇಳಿದ್ದೇನೆ.

ಕನ್ನಡ ಟೈಪಿಂಗ್ ಈಗಷ್ಟೇ ಶುರು ಮಾಡ್ತಿದೀನಿ. ನುಡಿ, ಬರಹ, ವಿಂಡೋಸ್‌ನದ್ದೇ ಕೀಬೋರ್ಡ್: ಯಾವುದು ಹಾಕ್ಕೊಳ್ಳಲಿ?

ಸಾಫ್ಟ್‌ವೇರ್ ಯಾವುದು ಅನ್ನೋದಕ್ಕಿಂತ ನಿಮ್ಮ ಬೆರಳು ಯಾವ ಕೀಬೋರ್ಡ್ ವಿನ್ಯಾಸ (ಯಾವ ಕೀಗೆ ಯಾವ ಅಕ್ಷರ ಅನ್ನೋದು) ಕಲಿಯುತ್ತೆ ಅನ್ನೋದು ದೊಡ್ಡ ಪ್ರಶ್ನೆ. ಸಾಫ್ಟ್‌ವೇರ್ ಐದು ವರ್ಷಕ್ಕೆ ಬದಲಾಗುತ್ತೆ, ಬೆರಳಿಗೆ ಅಂಟಿದ್ದು ಬಿಡೋದಿಲ್ಲ.

ಮುಖ್ಯವಾಗಿ ಮೂರು ವಿನ್ಯಾಸಗಳಿವೆ. ಒಂದು, ಕೆ.ಪಿ. ರಾವ್ ರೂಪಿಸಿದ್ದು. ನುಡಿಯಲ್ಲಿರುವುದು ಇದೇ, ಕಗಪ ವಿನ್ಯಾಸ ಅಂತಲೂ ಕರೀತಾರೆ. ಎರಡು, ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತಿಕೊಂಡು ಹೋಗುವ ಲಿಪ್ಯಂತರ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ಬರಹ ತಂತ್ರಾಂಶದಿಂದ ಇದು ಮನೆಮನೆಗೆ ಬಂತು. ಮೂರು, ಇನ್‌ಸ್ಕ್ರಿಪ್ಟ್. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜಾಗದಲ್ಲಿ ಒಂದೇ ಅಕ್ಷರ ಇರಲಿ ಅಂತ ಕೇಂದ್ರ ಸರ್ಕಾರ ಮಾಡಿಸಿದ್ದು.

ವ್ಯತ್ಯಾಸ ಕೀ ಎಣಿಸಿದರೆ ಗೊತ್ತಾಗುತ್ತೆ. ನಮ್ಮೂರ ಹೆಸರನ್ನೇ ತಗೊಳ್ಳಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ವ್ಯಂಜನ ಒತ್ತಿದರೆ ಅದರೊಳಗೆ 'ಅ' ಇದ್ದೇ ಇರುತ್ತೆ. ದ, ದೀರ್ಘ, ವ, ಣ, ಗ, ಎತ್ವ, ರ, ಎತ್ವ ಅಂತ 8 ಸಲ ಒತ್ತಿದರೆ ದಾವಣಗೆರೆ ಮುಗೀತು. ಲಿಪ್ಯಂತರದಲ್ಲಿ ವ ಆದಮೇಲೆ ಒಂದು ಎ, ಣ ಆದಮೇಲೆ ಇನ್ನೊಂದು ಎ, ಒಟ್ಟು 10. 'ಕನ್ನಡ' ಪದಕ್ಕೆ ಲಿಪ್ಯಂತರದಲ್ಲಿ 7 ಕೀ, ಕೆ.ಪಿ. ರಾವ್ ವಿನ್ಯಾಸದಲ್ಲಿ 5: ಕೆ, ಎನ್, ಎಫ್, ಎನ್, ಡಬ್ಲ್ಯೂ. ಆ ನಡುವಿನ ಎಫ್ ಇದೆಯಲ್ಲ, ಅದು ಒತ್ತಕ್ಷರ ಕೂಡಿಸುವ ಕೀ. ಡ ಯಾಕೆ ಡಬ್ಲ್ಯೂನಲ್ಲಿದೆ ಅಂತ ಕೇಳಬೇಡಿ, ಎರಡು ವಾರದಲ್ಲಿ ಬೆರಳು ತಾನೇ ಹೋಗುತ್ತೆ. ಒಂದು ಪದಕ್ಕೆ ಎರಡು ಕೀ ಉಳಿದರೆ ಏನು ಮಹಾ ಅನ್ನಿಸಬಹುದು. ಮುನ್ನೂರು ಪುಟ ಟೈಪ್ ಮಾಡಿದ ಮೇಲೆ ಮಣಿಕಟ್ಟನ್ನೇ ಕೇಳಿ.

ದಿನಾ ಹತ್ತು ಪುಟಕ್ಕಿಂತ ಹೆಚ್ಚು ಟೈಪ್ ಮಾಡುವವರು, ಸರ್ಕಾರಿ ಕೆಲಸದ ಮೇಲೆ ಕಣ್ಣಿಟ್ಟವರು ನುಡಿ ವಿನ್ಯಾಸವನ್ನೇ ಕಲಿಯಿರಿ. ಕಚೇರಿಗಳಲ್ಲಿ ಅದೇ ರೂಢಿ. ವಾರಕ್ಕೊಂದು ಪತ್ರ, ಆಗಾಗ ಒಂದು ಕವಿತೆ ಬರೆಯುವವರಿಗೆ ಲಿಪ್ಯಂತರ ಸಾಕು. ಅದಕ್ಕೆ ಏನನ್ನೂ ಹಾಕ್ಕೋಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಗೆ ಹೋಗಿ ಕನ್ನಡ ಸೇರಿಸಿ, ಕೀಬೋರ್ಡ್‌ಗಳ ಪಟ್ಟಿಯಲ್ಲಿ ಫೊನೆಟಿಕ್ ಆರಿಸಿ. 2019ರಿಂದೀಚೆಗಿನ ವಿಂಡೋಸ್ 10ರಲ್ಲಿ ಇದು ಇದೆ. ಇಂಗ್ಲಿಷಿಗೂ ಕನ್ನಡಕ್ಕೂ ಹಾರಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರಾಯ್ತು. ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್‌ನಲ್ಲೂ ಮೂರೂ ವಿನ್ಯಾಸ ಸಿಗುತ್ತವೆ, ಐಬಸ್ ಅನ್ನುವ ಸೌಲಭ್ಯದ ಮೂಲಕ.

ನಮ್ಮ ಆಫೀಸಿನಲ್ಲಿ ಸರಿಯಾಗಿ ಕಾಣೋ ಫೈಲು ಬೇರೆ ಕಂಪ್ಯೂಟರಲ್ಲಿ ತೆಗೆದರೆ ಏನೇನೋ ಇಂಗ್ಲಿಷ್ ಅಕ್ಷರ ಆಗುತ್ತಲ್ಲ, ವೈರಸ್ಸಾ?

ವೈರಸ್ ಅಲ್ಲ. ಆ ಫೈಲಿನಲ್ಲಿ ಕನ್ನಡ ಇರಲೇ ಇಲ್ಲ, ಮೊದಲಿಂದಲೂ.

ಹಳೆಯ ನುಡಿ, ಹಳೆಯ ಬರಹ, ಶ್ರೀಲಿಪಿ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್‌ಗಳು. ಕಂಪ್ಯೂಟರಿನ ಲೆಕ್ಕದಲ್ಲಿ ಹಳೆಯ ನುಡಿ ಫಾಂಟಿನ 'ಕನ್ನಡ' ಅನ್ನೋ ಪದ ಏನು ಗೊತ್ತಾ? ದೊಡ್ಡ ಪಿ, ತಲೆಯ ಮೇಲೆ ಗೆರೆ ಎಳೆದುಕೊಂಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಮೇಲೆ ನುಡಿ ಫಾಂಟಿನ ಅಂಗಿ ತೊಡಿಸಿರುವವರೆಗೆ ಕನ್ನಡದಂತೆ ಕಾಣುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಅಂಗಿ ಕಳಚಿ ಒಳಗಿದ್ದದ್ದು ಹೊರಗೆ ಬರುತ್ತೆ.

ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತುಮಾಡಿದ ಜಾಗತಿಕ ಪದ್ಧತಿ, ಅಲ್ಲಿ ಹಾಗಲ್ಲ. ಕನ್ನಡಕ್ಕೆ ಅಂತಲೇ 128 ಮನೆಗಳಿರುವ ಒಂದು ಓಣಿ ಮೀಸಲಿದೆ. ಕ ಅಂದರೆ ಜಗತ್ತಿನ ಯಾವ ಕಂಪ್ಯೂಟರಿನಲ್ಲೂ, ಯಾವ ಫೋನಿನಲ್ಲೂ ಕ ಆಗಿಯೇ ಇರುತ್ತೆ, ಫಾಂಟ್ ಬದಲಾದರೆ ಆಕಾರ ಮಾತ್ರ ಬದಲು. ಹಾಗಾಗಿಯೇ ವಾಟ್ಸಾಪ್‌ನಲ್ಲಿ ಬಂದ ಕನ್ನಡ ಎಲ್ಲರ ಫೋನಿನಲ್ಲೂ ಓದಲಿಕ್ಕಾಗೋದು.

ಸಹಕಾರ ಸಂಘವೊಂದರ ಸದಸ್ಯರ ಪಟ್ಟಿಯನ್ನು ಅಕಾರಾದಿ ಜೋಡಿಸಿಕೊಡಿ ಅಂತ ಒಬ್ಬರು ಹಳೆಯ ನುಡಿ ಫೈಲು ತಂದಿದ್ದರು. ಎಕ್ಸೆಲ್‌ಗೆ ಹಾಕಿ ಸಾರ್ಟ್ ಒತ್ತಿದರೆ ಪಟ್ಟಿ ಚೆಲ್ಲಾಪಿಲ್ಲಿ. ಪಾಪ, ಎಕ್ಸೆಲ್ ತನಗೆ ಕಂಡ ಪಿ, ಕ್ಯೂಗಳನ್ನ ಇಂಗ್ಲಿಷ್ ಕ್ರಮದಲ್ಲಿ ಜೋಡಿಸಿತ್ತು. ಹುಡುಕುವುದು, ಜೋಡಿಸುವುದು, ಅನುವಾದ, ಗೂಗಲ್‌ನಲ್ಲಿ ಸಿಗುವುದು ಎಲ್ಲಕ್ಕೂ ಯೂನಿಕೋಡೇ ಬೇಕು. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಅಭ್ಯಾಸಬಲದಿಂದ ಹಳೆಯ ಫಾಂಟ್ ಆರಿಸಿಕೊಂಡು ಕೂರಬೇಡಿ ಅಷ್ಟೆ.

ಹಾಗಾದರೆ ಹತ್ತು ವರ್ಷದ ಹಳೇ ಫೈಲುಗಳನ್ನ ಏನು ಮಾಡಲಿ?

ಪರಿವರ್ತಿಸಿ. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತೆ, ಜಾಲತಾಣಗಳಲ್ಲೂ ಇವೆ. ಆದರೆ ಇಡೀ ಫೈಲನ್ನು ಕಣ್ಣುಮುಚ್ಚಿ ಸುರಿಯಬೇಡಿ. ಒಬ್ಬ ಸಂಶೋಧಕರು ಹಾಗೆ ಮಾಡಿಕೊಂಡು ಬಂದಿದ್ದರು. ಕನ್ನಡವೆಲ್ಲ ಸರಿಯಾಗಿ ಬಂದಿತ್ತು. ಆದರೆ ಗ್ರಂಥಋಣದಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳೂ ಕನ್ನಡ ಆಗಿ ಕೂತಿದ್ದವು, ಅರ್ಥವಿಲ್ಲದ ಕನ್ನಡ. ಪರಿವರ್ತಕಕ್ಕೆ ನಿಜವಾದ ಇಂಗ್ಲಿಷ್ ಯಾವುದು, ಇಂಗ್ಲಿಷ್ ವೇಷದ ಕನ್ನಡ ಯಾವುದು ಅಂತ ಗೊತ್ತಾಗೋದಿಲ್ಲ.

ಉಪಾಯ ಫಾಂಟ್‌ನಲ್ಲೇ ಇದೆ. ವರ್ಡ್‌ನಲ್ಲಿ ಹುಡುಕುವ ಕಿಟಕಿ ತೆಗೆದು, ಪದವನ್ನು ಖಾಲಿ ಬಿಟ್ಟು, ಫಾರ್ಮ್ಯಾಟ್ ಅನ್ನುವಲ್ಲಿ ಇಂಗ್ಲಿಷ್ ಭಾಗದ ಫಾಂಟ್ (ಸಾಮಾನ್ಯವಾಗಿ ಟೈಮ್ಸ್ ನ್ಯೂ ರೋಮನ್) ಆರಿಸಿ. ಇಂಗ್ಲಿಷ್ ಎಲ್ಲೆಲ್ಲಿದೆ ಅಂತ ಒಟ್ಟಿಗೇ ತೋರಿಸುತ್ತೆ. ಅದಕ್ಕೆ ಹಳದಿ ಬಣ್ಣ ಬಳಿದಿಡಿ. ಪರಿವರ್ತನೆ ಆದಮೇಲೆ ಮೂಲ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಹಳದಿ ಇದ್ದ ಕಡೆಯಷ್ಟೇ ಮತ್ತೆ ಅಂಟಿಸಿ. ಆಮೇಲೆ ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆ ಈ ಮೂರನ್ನು ಕಣ್ಣಲ್ಲೇ ನೋಡಿ. ಕೆಡುವುದಾದರೆ ಮೊದಲು ಅಲ್ಲೇ. ಮೂಲ ಫೈಲು ಮಾತ್ರ ಅಳಿಸಬೇಡಿ, ಎಂದಿಗೂ.

ವರ್ಡ್‌ಗೆ ದುಡ್ಡು ಕೊಡೋಕಾಗಲ್ಲ. ಕ್ರ್ಯಾಕ್ ಹಾಕಿಕೊಡ್ತೀರಾ?

ಇಲ್ಲ. ಕ್ರ್ಯಾಕ್ ಜೊತೆ ಏನೇನು ಬರುತ್ತೆ ಅಂತ ನಾನು ರಿಪೇರಿ ಬೆಂಚಿನ ಮೇಲೆ ನೋಡಿದ್ದೇನೆ.

ಲಿಬ್ರೆಆಫೀಸ್ ಹಾಕ್ಕೊಳ್ಳಿ. 2010ರಿಂದ ಇದೆ, ಪೂರ್ತಿ ಉಚಿತ, ವರ್ಡ್ ಮತ್ತು ಎಕ್ಸೆಲ್ ಫೈಲುಗಳನ್ನ ತೆಗೆಯುತ್ತೆ, ಅದೇ ರೂಪದಲ್ಲಿ ಉಳಿಸುತ್ತೆ. ಕನ್ನಡಕ್ಕೆ ಒಂದೇ ಒಂದು ಸೆಟ್ಟಿಂಗ್ ಮರೀಬಾರದು: ಟೂಲ್ಸ್, ಆಪ್ಷನ್ಸ್, ಭಾಷೆ ಅಂತ ಹೋಗಿ 'ಸಂಕೀರ್ಣ ಲಿಪಿ' ಅಂತಿರುವ ಕಡೆ ಕನ್ನಡ ಆರಿಸಿ. ಈ ಸಾಫ್ಟ್‌ವೇರ್ ಇಂಗ್ಲಿಷಿಗೊಂದು ಫಾಂಟ್, ಕನ್ನಡಕ್ಕೊಂದು ಫಾಂಟ್ ಅಂತ ಬೇರೆ ಬೇರೆ ಲೆಕ್ಕ ಇಡುತ್ತೆ. "ಫಾಂಟ್ ಸೈಜು 14 ಮಾಡಿದೀನಿ, ಇಂಗ್ಲಿಷ್ ದೊಡ್ಡದಾಯ್ತು, ಕನ್ನಡ ಹಂಗೇ ಐತಿ" ಅಂತ ಬರುವವರ ತೊಂದರೆಗೆ ಹೆಚ್ಚಿನ ಸಲ ಇದೇ ಕಾರಣ.

ನಾಲ್ಕು ಜನ ಸೇರಿ ಒಂದೇ ಬರಹ ತಿದ್ದಬೇಕಾದರೆ ಗೂಗಲ್ ಡಾಕ್ಸ್ ಒಳ್ಳೇದು. ಅದಕ್ಕಿಂತ ಜಾಸ್ತಿ ಹೇಳೋಕೆ ಏನಿಲ್ಲ, ಎಲ್ಲರಿಗೂ ಗೊತ್ತಿರೋದೇ.

ಚೆಂದದ ಕನ್ನಡ ಫಾಂಟ್ ಬೇಕು.

ಪುಸ್ತಕಕ್ಕಾ, ಬ್ಯಾನರ್‌ಗಾ? ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಎರಡೂ ಓದೋಕೆ ಅಡ್ಡಿಯಿಲ್ಲ, ಆದರೆ ಪುಸ್ತಕದಲ್ಲಿ ಸಪ್ಪೆ. ಒಳಪುಟಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡ ಹಾಕಿ ಒಂದು ಪುಟ ಪ್ರಿಂಟ್ ತೆಗೆದು ನೋಡಿ. ಪರದೆಯ ಮೇಲೆ ನೋಡಿ ತೀರ್ಮಾನ ಮಾಡಬೇಡಿ. ಶೀರ್ಷಿಕೆಗೆ, ಪೋಸ್ಟರಿಗೆ ಬಾಲೂ ತಮ್ಮ ದಪ್ಪಗೆ ಕೂರುತ್ತೆ. ಅರವಿಂದ ವಿ.ಕೆ. ಮಾಡಿದ ಗುಬ್ಬಿ, ನವಿಲು ಕೂಡ ಉಚಿತವಾಗಿ ಸಿಗುತ್ತವೆ. ಲಗ್ನಪತ್ರಿಕೆಯವರು ಮಾತ್ರ ಯಾವ ಹೊಸ ಫಾಂಟ್ ತೋರಿಸಿದರೂ ಕೊನೆಗೆ "ಅಣ್ಣನ ಮದ್ವೇಲಿ ಇತ್ತಲ್ಲ, ಅದೇ ಇರಲಿ" ಅಂತಾರೆ.

'ಸಾಫ್ಟ್‌ವೇರ್' ಅಂತ ಹೊಡೆದರೆ ವ ಹೋಗಿ ಟ ಕೆಳಗೆ ಒತ್ತಾಗಿ ಕೂರುತ್ತೆ. ಬಿಡಿಸೋದು ಹೆಂಗೆ?

ಯೂನಿಕೋಡ್‌ನಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ಒತ್ತಾಗುವುದೇ ನಿಯಮ. ಬೇಡ ಅಂದರೆ ನಡುವೆ ಒಂದು ಕಾಣದ ಗೋಡೆ ಎಬ್ಬಿಸಬೇಕು. ಆ ಗೋಡೆಗೆ ಅಗಲವಿಲ್ಲ, ಪ್ರಿಂಟ್‌ನಲ್ಲೂ ಕಾಣೋದಿಲ್ಲ. ವರ್ಡ್‌ನಲ್ಲಾದರೆ ಅರ್ಧಾಕ್ಷರ ಟೈಪ್ ಮಾಡಿದ ಮೇಲೆ ಇಂಗ್ಲಿಷ್ ಕೀಬೋರ್ಡಿಗೆ ಹೋಗಿ 200ಸಿ ಅಂತ ಹೊಡೆದು (ಸಿ ಇಂಗ್ಲಿಷಿನದು) ಆಲ್ಟ್ ಮತ್ತು ಎಕ್ಸ್ ಒತ್ತಿ. ಬರೆದ 200ಸಿ ಮಾಯವಾಗಿ ಗೋಡೆ ನಿಲ್ಲುತ್ತೆ. ಆಮೇಲೆ ವ ಹಾಕಿ. ಸ್ಪೇಸ್ ಕೊಟ್ಟು ಬಿಡಿಸುವವರನ್ನು ನೋಡಿದ್ದೇನೆ. ಸಾಲಿನ ಕೊನೆಗೆ ಬಂದಾಗ 'ಸಾಫ್ಟ್' ಮೇಲಿನ ಸಾಲಲ್ಲಿ, 'ವೇರ್' ಕೆಳಗಿನ ಸಾಲಲ್ಲಿ.

ಪದ ಕಣ್ಣಿಗೆ ಕಾಣ್ತಿದೆ, ಹುಡುಕಿದರೆ 'ಇಲ್ಲ' ಅನ್ನುತ್ತೆ!

ಇದು ನನಗೆ ಅತ್ಯಂತ ಇಷ್ಟದ ಪ್ರಶ್ನೆ, ಯಾಕಂದರೆ ಕಾರಣ ಹಿಡಿಯೋಕೆ ನನಗೇ ಒಂದು ಮಧ್ಯಾಹ್ನ ಹೋಗಿತ್ತು. 'ಬಂದ' ಅನ್ನೋದನ್ನ ಒಬ್ಬ ಟೈಪಿಸ್ಟ್ 'ಬ೦ದ' ಅಂತ ಹೊಡೆದಿದ್ದ. ಎರಡೂ ಒಂದೇ ಥರ ಕಾಣ್ತವೆ ಅಲ್ವಾ? ಮೊದಲನೆಯದರಲ್ಲಿ ಇರೋದು ಅನುಸ್ವಾರ, ಎರಡನೆಯದರಲ್ಲಿ ಇರೋದು ಕನ್ನಡ ಅಂಕಿಯ ಸೊನ್ನೆ. ಅಕ್ಷರವನ್ನ ಸೊನ್ನೆ ಅಂತಲೇ ಕರೆಯೋ ನಾವು ಅಂಕಿಯ ಸೊನ್ನೆ ಒತ್ತಿದರೆ ತಪ್ಪು ನಮ್ಮದೂ ಅಲ್ಲ ಬಿಡಿ. ಆದರೆ ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. 180 ಪುಟದ ಆ ಪುಸ್ತಕದ ತುಂಬ ಹಾಗೇ ಇತ್ತು.

ತಿದ್ದೋದು ಸುಲಭ. ಹುಡುಕುವ ಜಾಗದಲ್ಲಿ ಅಂಕಿಯ ಸೊನ್ನೆ, ಬದಲಿಗೆ ಅನುಸ್ವಾರ ಹಾಕಿ ಎಲ್ಲವನ್ನೂ ಬದಲಿಸಿ. ಆದರೆ ಫೈಲಿನಲ್ಲಿ ೨೦, ೧೦೦ ಅಂತ ಕನ್ನಡ ಅಂಕಿಗಳಿದ್ದರೆ ಅವುಗಳ ಸೊನ್ನೆಯೂ ಅನುಸ್ವಾರ ಆಗಿಬಿಡುತ್ತೆ. ಅಂಥ ಕಡೆ ಒಂದೊಂದೇ ನೋಡಿ ಬದಲಿಸಿ.

ಬಾಯಲ್ಲಿ ಹೇಳಿದರೆ ಬರ್ಕೊಳ್ಳೋ ಸಾಫ್ಟ್‌ವೇರ್ ಇದೆಯಂತೆ?

ಇದೆ. ಕಂಪ್ಯೂಟರಿನಲ್ಲಿ ಕ್ರೋಮ್ ತೆಗೆದು ಗೂಗಲ್ ಡಾಕ್ಸ್‌ಗೆ ಹೋಗಿ. ಟೂಲ್ಸ್ ಪಟ್ಟಿಯಲ್ಲಿ ವಾಯ್ಸ್ ಟೈಪಿಂಗ್ ಇದೆ, ಭಾಷೆ ಕನ್ನಡ ಅಂತ ಆರಿಸಿ ಮೈಕ್ ಒತ್ತಿ. ಫೋನಿನಲ್ಲಿ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನ ಮೈಕ್ ಇನ್ನೂ ಸಲೀಸು. ಫೋನಿನ ಡಾಕ್ಸ್‌ನಲ್ಲಿ ಹೇಳಿ ಬರೆಸಿ, ಅದೇ ಖಾತೆಯಿಂದ ಕಂಪ್ಯೂಟರಿನಲ್ಲಿ ತೆಗೆದು ತಿದ್ದಿ. ನಮ್ಮ ನಿವೃತ್ತ ಮೇಷ್ಟ್ರುಗಳಿಗೆ ನಾನು ಕಲಿಸಿಕೊಡೋದು ಇದನ್ನೇ.

ಇದು ಅರ್ಥಮಾಡಿಕೊಳ್ಳೋದು ಗ್ರಂಥಸ್ಥ ಕನ್ನಡವನ್ನ. "ನಾನು ಹೋಗುತ್ತೇನೆ" ಅಂದರೆ ಹಾಗೇ ಬರುತ್ತೆ. "ನಾ ಹೊಕ್ಕೀನಿ" ಅಂದರೆ ಅದು ಎಲ್ಲಿಗೆ ಹೋಗುತ್ತೋ ದೇವರಿಗೇ ಗೊತ್ತು. ಹಾಗಾಗಿ ಕಥೆಯಲ್ಲಿ ಆಡುಮಾತಿನ ಸಂಭಾಷಣೆ ಬಂದಾಗ ಕೈಯಲ್ಲೇ ಟೈಪ್ ಮಾಡಿ. ಡಾಕ್ಸ್‌ನಲ್ಲಿ ಕನ್ನಡದಲ್ಲಿ "ಪೂರ್ಣವಿರಾಮ" ಅಂತ ಹೇಳಿದರೆ ಬಿಂದು ಬೀಳೋದಿಲ್ಲ, ಪೂರ್ಣವಿರಾಮ ಅನ್ನೋ ಪದವೇ ಬೀಳುತ್ತೆ. ವಿರಾಮಚಿಹ್ನೆಗಳನ್ನ ಕೊನೆಗೆ ಕೂತು ಹಾಕಬೇಕು. ಫ್ಯಾನ್ ಆಫ್ ಮಾಡಿ ಮಾತಾಡಿ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡೋದು ತಪಸ್ಸು, ಗೊತ್ತು. ಬೆಳಿಗ್ಗೆ ಆರಕ್ಕೇ ಕೂತುಬಿಡಿ.

ಹಳೇ ಪುಸ್ತಕದ ಫೋಟೋದಿಂದ ಅಕ್ಷರ ತೆಗೀಬಹುದಾ?

ಗೂಗಲ್ ಡ್ರೈವ್‌ಗೆ ಫೋಟೋ ಹಾಕಿ, ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ 'ಗೂಗಲ್ ಡಾಕ್ಸ್‌ನಲ್ಲಿ ತೆರೆ' ಅನ್ನಿ. ಮೇಲೆ ಚಿತ್ರ, ಕೆಳಗೆ ಅಕ್ಷರ ಬರುತ್ತೆ. ಅಂತರ್ಜಾಲ ಇಲ್ಲದೆ ಮಾಡಬೇಕಾದರೆ ಟೆಸರ್ಯಾಕ್ಟ್ ಅಂತ ಉಚಿತ ತಂತ್ರಾಂಶವಿದೆ, ಕನ್ನಡದ ದತ್ತಾಂಶ ಸೇರಿಸಿಕೊಳ್ಳಬೇಕು. ಸ್ವಲ್ಪ ತಿಣುಕಬೇಕಾಗುತ್ತೆ.

ಫೋಟೋ ಚೆನ್ನಾಗಿದ್ದರೆ ಫಲಿತಾಂಶವೂ ಚೆನ್ನ. ಪುಟ ಚಪ್ಪಟೆಯಾಗಿರಲಿ, ನೆರಳು ಬೀಳದಿರಲಿ, ಎರಡು ಪುಟವನ್ನ ಒಂದೇ ಫೋಟೋದಲ್ಲಿ ತೆಗೀಬೇಡಿ. ತಿದ್ದುವಾಗ 'ಮ' ಮತ್ತು 'ವು', 'ದ' ಮತ್ತು 'ಧ', 'ಪ' ಮತ್ತು 'ಷ' ಇವುಗಳ ಮೇಲೆ ಕಣ್ಣಿಡಿ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪುಸ್ತಕಗಳಲ್ಲಿ ತಲೆಕಟ್ಟು ಸವೆದಿರುತ್ತೆ, ಅಲ್ಲಿ ತಪ್ಪು ಹೆಚ್ಚು. ಕೈಬರಹದ ಕಡತ ತಂದು "ಇದನ್ನೂ ಮಾಡಿ" ಅನ್ನುವವರಿಗೆ ನನ್ನ ಉತ್ತರ: ಟೈಪ್ ಮಾಡಿಸೋದೇ ಅಗ್ಗ.

ಕನ್ನಡಕ್ಕೆ ಸ್ಪೆಲ್‌ಚೆಕ್ ಇಲ್ಲವಾ?

ಇದೆ, ಲಿಬ್ರೆಆಫೀಸ್‌ಗೂ ಫೈರ್‌ಫಾಕ್ಸ್‌ಗೂ ಪದಕೋಶ ಹಾಕ್ಕೋಬಹುದು, ನುಡಿಯಲ್ಲೂ ಉಂಟು. ಆದರೆ ಇಂಗ್ಲಿಷಿನ ಹಾಗೆ ಅದನ್ನ ನಂಬಿ ಕೂರೋಕಾಗಲ್ಲ. ಕನ್ನಡದಲ್ಲಿ ಒಂದು ಪದಕ್ಕೆ ಬಾಲದ ಮೇಲೆ ಬಾಲ ಅಂಟುತ್ತೆ. 'ಬರಬೇಕಾಗಿಲ್ಲದಿದ್ದರಿಂದ' ಅನ್ನೋದು ನಮಗೆ ಒಂದೇ ಪದ, ಯಾವ ಪದಪಟ್ಟಿಯಲ್ಲೂ ಅದು ಇರೋದಿಲ್ಲ. ಸರಿಯಿದ್ದದ್ದಕ್ಕೇ ಕೆಂಪು ಗೆರೆ ಎಳೆದರೆ ಕಣ್ಣು ಆ ಗೆರೆಯನ್ನೇ ಮರೆತುಬಿಡುತ್ತೆ, ನಿಜವಾದ ತಪ್ಪೂ ಅದರೊಳಗೆ ತಪ್ಪಿಸಿಕೊಳ್ಳುತ್ತೆ. ನಾನು ಮಾಡೋದು: ಫಾಂಟ್ ಬದಲಿಸಿ, ಅಕ್ಷರ ದೊಡ್ಡದು ಮಾಡಿ, ಒಂದು ಪ್ರತಿ ಪ್ರಿಂಟ್ ತೆಗೆದು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸೋದು. ಪ್ರೂಫ್ ಓದೋಕೆ ಹಳೇ ಪದ್ಧತಿಯೇ ಈಗಲೂ ಮುಂದೆ.

ನಿಘಂಟು?

ಅಲರ್ ತೆಗೆದಿಟ್ಟುಕೊಳ್ಳಿ. ವಿ. ಕೃಷ್ಣ ಅವರು ಒಬ್ಬರೇ ದಶಕಗಳ ಕಾಲ ಕೂತು ಮಾಡಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು, 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಜಾಲಕ್ಕೆ ಬಂತು. ಆಡಳಿತದ ಪದಗಳಿಗೆ, ಬೇರೆ ಬೇರೆ ನಿಘಂಟುಗಳನ್ನ ಒಟ್ಟಿಗೆ ಹುಡುಕೋಕೆ ಸರ್ಕಾರದ ಪದಕಣಜ ಇದೆ. 1894ರ ಕಿಟೆಲ್ ನಿಘಂಟಿನ ಸ್ಕ್ಯಾನ್ ಪ್ರತಿಯೂ ಉಚಿತವಾಗಿ ಸಿಗುತ್ತೆ. ಹಳೆಯ ಗಾದೆ, ಕೃಷಿಯ ಪದ ಬೇಕಾದಾಗ ನಾನು ಅದನ್ನೇ ತಿರುವಿಹಾಕೋದು.

ಪಿಎಚ್‌.ಡಿ. ಪ್ರಬಂಧ ಬರೀತಿದೀನಿ. ಏನೇನು ಬೇಕು?

ಎರಡು ಅಭ್ಯಾಸ, ಒಂದು ಸಾಫ್ಟ್‌ವೇರ್.

ಮೊದಲ ಅಭ್ಯಾಸ, ಸ್ಟೈಲ್ಸ್. ಅಧ್ಯಾಯದ ಹೆಸರನ್ನ ಕೈಯಾರೆ ದಪ್ಪ ಮಾಡಿ ಸೈಜು 18 ಕೊಡಬೇಡಿ. ಹೆಡಿಂಗ್ 1 ಅಂತ ಗುರುತಿಸಿ. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, 1. ಲಿಬ್ರೆಆಫೀಸ್‌ನಲ್ಲಿ ಕಂಟ್ರೋಲ್, 1. ಉಪಶೀರ್ಷಿಕೆಗೆ 2. ಹೀಗೆ ಮಾಡಿದ್ದರೆ ಪರಿವಿಡಿ ಒಂದೇ ಕ್ಲಿಕ್ಕಿಗೆ ಪುಟಸಂಖ್ಯೆ ಸಮೇತ ಬರುತ್ತೆ. ಸಲ್ಲಿಸುವ ಹಿಂದಿನ ರಾತ್ರಿ ಮಾರ್ಗದರ್ಶಕರು ನಡುವೆ ನಾಲ್ಕು ಪುಟ ಸೇರಿಸಿ ಅಂದರೂ ಪರಿವಿಡಿಯನ್ನ ಅಪ್‌ಡೇಟ್ ಒತ್ತಿ ಮಲಗಬಹುದು. ಕೈಯಾರೆ ಚುಕ್ಕೆ ಚುಕ್ಕೆ ಹಾಕಿ ಪುಟಸಂಖ್ಯೆ ಬರೆದವರು ಬೆಳಗಿನವರೆಗೂ ಕೂತಿರುತ್ತಾರೆ, ಜೊತೆಗೆ ನಾನೂ.

ಎರಡನೆಯದು, ಅಧ್ಯಾಯ ಹೊಸ ಪುಟದಿಂದ ಶುರುವಾಗಲಿ ಅಂತ ಎಂಟರ್ ಮೇಲೆ ಎಂಟರ್ ಕುಟ್ಟಬೇಡಿ. ಕಂಟ್ರೋಲ್ ಹಿಡಿದು ಒಂದೇ ಒಂದು ಎಂಟರ್.

ಸಾಫ್ಟ್‌ವೇರ್ ಯಾವುದು ಅಂದರೆ ಜೊಟೆರೊ. 2006ರಿಂದ ಇದೆ, ಉಚಿತ. ಓದಿದ ಪುಸ್ತಕ, ಲೇಖನಗಳ ವಿವರವನ್ನ ಒಮ್ಮೆ ತುಂಬಿಟ್ಟರೆ ಅಡಿಟಿಪ್ಪಣಿಯನ್ನೂ ಗ್ರಂಥಋಣವನ್ನೂ ಅದೇ ಹಾಕುತ್ತೆ. ಕನ್ನಡದವರಿಗೆ ಇದರಲ್ಲೊಂದು ಮುಳ್ಳಿದೆ. ಅದು ಪ್ರತಿ ಲೇಖಕರಿಗೂ ಮನೆತನದ ಹೆಸರು ಬೇರೆ, ಇಟ್ಟ ಹೆಸರು ಬೇರೆ ಕೇಳುತ್ತೆ. ನಮ್ಮಲ್ಲಿ ಮುಂದಿರೋ ಇನಿಶಿಯಲ್‌ನಲ್ಲಿ ಊರು ಇರುತ್ತೆ, ಅಪ್ಪನ ಹೆಸರು ಇರುತ್ತೆ. ಕೆ.ಪಿ. ರಾವ್ ಅವರನ್ನ 'ರಾವ್, ಕೆ.ಪಿ.' ಅನ್ನಬಹುದು, 'ವಿ. ಕೃಷ್ಣ' ಅವರಲ್ಲಿ ಮನೆತನ ಎಲ್ಲಿಂದ ತರೋದು? ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಗುಂಡಿಯಿದೆ. ಅದನ್ನ ಒತ್ತಿದರೆ ಎರಡು ಪೆಟ್ಟಿಗೆ ಸೇರಿ ಒಂದಾಗುತ್ತೆ, ಇಡೀ ಹೆಸರನ್ನ ಹಾಗೇ ಬರೆಯಿರಿ. ಶುರುವಿನಲ್ಲೇ ಹೀಗೆ ಮಾಡಿ. ಮುನ್ನೂರು ಪುಸ್ತಕ ತುಂಬಿದ ಮೇಲೆ ಗೊತ್ತಾದರೆ ಅಳು ಬರುತ್ತೆ.

ಕರೆಂಟ್ ಹೋಗಿ ಬರೆದದ್ದೆಲ್ಲ ಹೋಯ್ತು.

ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ತಾನೇ ಉಳಿಸಿಕೊಳ್ಳುವ ಅವಧಿ ಸಾಮಾನ್ಯವಾಗಿ 10 ನಿಮಿಷಕ್ಕೆ ಇಟ್ಟಿರುತ್ತೆ. ಅದನ್ನ 2 ನಿಮಿಷಕ್ಕೆ ಇಳಿಸಿ. ಮತ್ತೆ ತೆಗೆದಾಗ ಎಡಗಡೆ ಏನಾದರೂ ತೋರಿಸಿದರೆ ಗಾಬರಿಯಲ್ಲಿ ಮುಚ್ಚಬೇಡಿ, ಹೋದದ್ದು ಅಲ್ಲೇ ಇರುತ್ತೆ.

'ಫೈನಲ್', 'ಹೊಸ ಫೈನಲ್', 'ಫೈನಲ್ 2 ಇದೇ'. ಈ ಗೊಂದಲಕ್ಕೆ ಮದ್ದು?

ಈ ಗೊಂದಲದಿಂದ ನಾನು 500 ಲಗ್ನಪತ್ರಿಕೆ ಕಳಕೊಂಡಿದ್ದೇನೆ. ವರನ ತಾತ ಪತ್ರಿಕೆ ಅಚ್ಚಿಗೆ ಹೋಗುವ ಮೂರು ದಿನ ಮುಂಚೆ ತೀರಿಕೊಂಡರು. ಮನೆಯವರು ಬಂದು ಹೆಸರಿನ ಹಿಂದೆ 'ದಿ||' ಸೇರಿಸಿಸಿ ಹೋದರು. ಸೇರಿಸಿದ್ದು ನಾನೇ, 'ಫೈನಲ್ ಹೊಸದು' ಫೈಲಿನಲ್ಲಿ. ಅಚ್ಚಿಗೆ ಕಳಿಸಿದ್ದು 'ಫೈನಲ್' ಫೈಲು. ಬಂಡಲ್ ಬಿಚ್ಚಿದಾಗ ತಾತ ಶುಭ ಕೋರುವವರ ಸಾಲಿನಲ್ಲಿ ಕೂತಿದ್ದರು. ದುಡ್ಡು ಹೋದದ್ದಕ್ಕಿಂತ ಆ ಮನೆಯವರ ಮುಖ ಮರೆಯೋಕಾಗಿಲ್ಲ.

ಅವತ್ತಿನಿಂದ ಫೈನಲ್ ಅನ್ನೋ ಪದವನ್ನೇ ಬಿಟ್ಟೆ. ಫೈಲಿನ ಹೆಸರು ದಿನಾಂಕದಿಂದ ಶುರು: ವರ್ಷ, ತಿಂಗಳು, ದಿನ, ಆಮೇಲೆ ಕೆಲಸದ ಹೆಸರು. 2025-03-14 ಅಂತ ಬರೆದರೆ ಫೋಲ್ಡರಿನಲ್ಲಿ ತಾವಾಗೇ ಸರತಿಯಲ್ಲಿ ನಿಲ್ಲುತ್ತವೆ. ಅಚ್ಚಿಗೆ ಹೋಗುವ ಪಿಡಿಎಫ್‌ಗೆ ಬೇರೆಯದೇ ಫೋಲ್ಡರ್, ಅದರಲ್ಲಿ ಒಂದೇ ಫೈಲು. ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ಹಳೆಯ ಆವೃತ್ತಿಗಳೆಲ್ಲ ಇತಿಹಾಸದಲ್ಲಿ ಸಿಗುತ್ತವೆ.

ಪ್ರತಿ ಮೂರು: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು, ಡ್ರೈವ್‌ನಂಥ ಕಡೆ ಒಂದು. ಗೂಗಲ್ 15 ಜಿಬಿ ಪುಕ್ಕಟೆ ಕೊಡುತ್ತೆ. ಬರಹಕ್ಕೆ ಅದು ಜನ್ಮಕ್ಕೂ ಸಾಕು, ಮೊಮ್ಮಕ್ಕಳ ವಿಡಿಯೋ ಅಲ್ಲಿ ತುಂಬದಿದ್ದರೆ.

ಒಂದೇ ವಿಳಾಸ, ಒಂದೇ ಒಕ್ಕಣೆ ದಿನಾ ಹೊಡೆಯೋದು ಬೇಜಾರು.

ವಿಂಡೋಸ್ ಕೀ ಜೊತೆ ವಿ ಒತ್ತಿ. ಕಾಪಿ ಮಾಡಿದ ಕೊನೆಯ 25 ತುಣುಕುಗಳು ಪಟ್ಟಿಯಾಗಿ ಬರುತ್ತವೆ, ಬೇಕಾದ್ದನ್ನ ಪಿನ್ ಮಾಡಿಡಬಹುದು. ಮೊದಲ ಸಲ 'ಆನ್' ಮಾಡಬೇಕು. ಅದಕ್ಕಿಂತ ಮುಂದೆ ಹೋಗೋರಿಗೆ ಎಸ್ಪಾನ್ಸೊ ಇದೆ: ಮೂರಕ್ಷರ ಹೊಡೆದರೆ 'ಮಾನ್ಯ ತಹಶೀಲ್ದಾರರ ಸನ್ನಿಧಾನಕ್ಕೆ' ಅಂತ ಪೂರ್ತಿ ಸಾಲು ಬೀಳುತ್ತೆ. ಅರ್ಜಿ ಬರೆಯುವವರಿಗೆ ವರದಾನ.

ಮಂಡಿ ಲೆಕ್ಕಕ್ಕೆ ಎಕ್ಸೆಲ್ ಸಾಕಾ?

ಜಿಎಸ್‌ಟಿ, ಬಾಕಿ ವಸೂಲಿ ಅಂತೆಲ್ಲ ಇದ್ದರೆ ಟ್ಯಾಲಿಯೇ ಬೇಕು, ಅದಕ್ಕೆ ದುಡ್ಡು. ದಿನದ ಆವಕ, ಕ್ವಿಂಟಲ್, ದರ ಇಷ್ಟಕ್ಕೆ ಎಕ್ಸೆಲ್ ಸಾಕು. ಅಂಕಿಗಳನ್ನ ಕನ್ನಡದಲ್ಲಿ ಹೊಡೀಬೇಡಿ, ಎಕ್ಸೆಲ್ ಸಾಮಾನ್ಯವಾಗಿ ಅವನ್ನ ಅಕ್ಷರ ಅಂತಲೇ ತಿಳಿದು ಕೂಡೋದಿಲ್ಲ. ರೈತರ ಹೆಸರು ಕನ್ನಡದಲ್ಲಿರಲಿ, ಅಂಕಿ 123 ಥರದವು. 'ಹರಪನಹಳ್ಳಿ' ಒಂದು ಕಡೆ, 'ಹರಪನಳ್ಳಿ' ಇನ್ನೊಂದು ಕಡೆ ಬರೆದರೆ ಎರಡು ಊರಾಗುತ್ತವೆ. ಊರುಗಳ ಪಟ್ಟಿಯನ್ನ ಡ್ರಾಪ್‌ಡೌನ್ ಮಾಡಿಡಿ.

ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಕಲಸುಮೇಲೋಗರ ಆಗುತ್ತೆ.

ಪಿಡಿಎಫ್ ಇಟ್ಟುಕೊಳ್ಳೋದು ಅಕ್ಷರದ ಆಕಾರವನ್ನ. ಯಾವ ಆಕಾರ ಯಾವ ಅಕ್ಷರ ಅನ್ನೋ ಪಟ್ಟಿ ಸರಿಯಿಲ್ಲದಿದ್ದರೆ ಒತ್ತು, ಗುಣಿತ ಜಾಗ ಬದಲಿಸುತ್ತವೆ. ಮೂಲ ಫೈಲು ಕೇಳಿ ಪಡೆಯಿರಿ. ಸಿಗದಿದ್ದರೆ ಫೋಟೋಗೆ ಹೇಳಿದ ಉಪಾಯವನ್ನೇ ಇದಕ್ಕೂ ಮಾಡಿ.

ಗಾತ್ರ ಇಳಿಸೋಕೆ, ಪುಟ ಕೂಡಿಸೋಕೆ ಪಿಡಿಎಫ್24 ಅನ್ನೋದನ್ನ ಕಂಪ್ಯೂಟರಿಗೇ ಹಾಕ್ಕೊಳ್ಳಿ. ಆಧಾರ್, ಪಹಣಿ, ಅಂಕಪಟ್ಟಿಯನ್ನೆಲ್ಲ ಹೆಸರೇ ಕೇಳದ ಜಾಲತಾಣಕ್ಕೆ ಏರಿಸಿ ಗಾತ್ರ ಇಳಿಸಿಕೊಳ್ಳೋದು ನನಗೆ ಸರಿ ಕಾಣೋದಿಲ್ಲ.

ಎಐ ಬಂದಿದೆಯಲ್ಲ, ಅದೇ ಬರೆದುಕೊಡುತ್ತೆ. ನೀವ್ಯಾಕೆ?

ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಾಗಿಗಿಂತ ಈಗ ಅದರ ಕನ್ನಡ ಎಷ್ಟೋ ವಾಸಿ. ಇಂಗ್ಲಿಷ್ ಸುತ್ತೋಲೆಯ ತಾತ್ಪರ್ಯ, ಅರ್ಜಿಯ ಕರಡು, ಸಭೆಯ ಟಿಪ್ಪಣಿ ಜೋಡಿಸೋದು ಇಷ್ಟಕ್ಕೆ ನಾನೂ ಬಳಸ್ತೀನಿ. ಆದರೆ ಒಮ್ಮೆ ಇಂಥದೊಂದು ಸಾಧನಕ್ಕೆ "ಸೂಳೆಕೆರೆ ಕೋಡಿ ಬಿತ್ತು" ಅಂತ ಅನುವಾದಕ್ಕೆ ಕೊಟ್ಟರೆ, ಕೋಡಿ ಅನ್ನೋದೇನೋ ಕೆಳಗೆ ಬಿದ್ದುಹೋಯ್ತು ಅಂತ ಇಂಗ್ಲಿಷ್ ಮಾಡಿತು. ಊರೆಲ್ಲ ಬಾಗಿನ ಬಿಡೋಕೆ ಹೊರಟಿದ್ದರೆ ಇದು ಅಪಘಾತದ ಸುದ್ದಿ ಬರೆದಿತ್ತು.

ಪ್ರಬಂಧ ಬರೆಯುವವರು ಇನ್ನೂ ಹುಷಾರಾಗಿರಿ. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆಯನ್ನ ಇದು ಬಹಳ ಗಂಭೀರವಾಗಿ ಕೊಡುತ್ತೆ. ಚಿತ್ರದುರ್ಗದ ಪಾಳೆಯಗಾರರ ಬಗ್ಗೆ ಅದು ಉಲ್ಲೇಖ ಕೊಟ್ಟರೆ, ಆ ಪುಸ್ತಕ ಗ್ರಂಥಾಲಯದಲ್ಲಿ ಕೈಗೆ ಸಿಗುವವರೆಗೆ ಅಡಿಟಿಪ್ಪಣಿಗೆ ಹಾಕಬೇಡಿ.

ಪೇಜ್‌ಮೇಕರ್ ಬಿಟ್ಟು ಬೇರೆ ಕಲೀಬೇಕಾ?

ಬೇಕು. ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಹಿಡಿಸೋದಿಲ್ಲ. ಅನೇಕ ಪ್ರೆಸ್ಸುಗಳು ಇನ್ನೂ ಅದರಲ್ಲೇ ಇರೋದರಿಂದ ನಾವು ಯೂನಿಕೋಡ್‌ನಲ್ಲಿ ಬರೆದದ್ದನ್ನ ಅವರು ಹಿಂದಕ್ಕೆ ಪರಿವರ್ತಿಸಿಕೊಳ್ತಾರೆ, ಅಲ್ಲೇ ಅಕ್ಷರ ಕೆಡೋದು. ಇನ್‌ಡಿಸೈನ್ ಒಳ್ಳೇದು, ಬಾಡಿಗೆ ಜಾಸ್ತಿ. ಉಚಿತ ಬೇಕಂದ್ರೆ ಸ್ಕ್ರೈಬಸ್, 2024ರ ಜನವರಿಯಲ್ಲಿ ಬಂದ 1.6ರಲ್ಲಿ ಕನ್ನಡ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ.

ಗಮನ ಚದುರದಂಗೆ ಬರೆಯೋಕೆ ಸಾಫ್ಟ್‌ವೇರ್?

ಫೋಕಸ್‌ರೈಟರ್ ಅಂತ ಇದೆ, ಪರದೆ ತುಂಬ ಖಾಲಿ ಹಾಳೆ ಬಿಟ್ಟು ಏನೂ ತೋರಿಸೋದಿಲ್ಲ. ವೈಫೈ ಆಫ್ ಮಾಡಿದರೂ ನಡೆಯುತ್ತೆ.

ಹಳೇ ಕಂಪ್ಯೂಟರು, 4 ಜಿಬಿ ರ‍್ಯಾಮ್. ಎಸೀಲಾ?

ಎಸೀಬೇಡಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಅರ್ಧ ಕಾಯಿಲೆ ವಾಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11 ಹಿಡಿಸದ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ, ಲಿಬ್ರೆಆಫೀಸ್ ಅದರ ಜೊತೆಗೇ ಬರುತ್ತೆ. ಬರೆಯೋಕೆ ಇಷ್ಟು ಸಾಕು.

ನಿಮ್ಮ ಅಂಗಡಿಗೆ ಫೈಲು ಹೆಂಗೆ ತರಬೇಕು?

ಒಂದು ವರ್ಡ್ ಫೈಲು, ಅದರದ್ದೇ ಒಂದು ಪಿಡಿಎಫ್. ಎರಡೂ ಇದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ಅದು ಹೇಗೆ ಕಾಣ್ತಿತ್ತು ಅಂತ ನನಗೆ ಗೊತ್ತಾಗುತ್ತೆ. ಹಳೆಯ ಫಾಂಟ್ ಇದ್ದರೆ ಅದರ ಹೆಸರು ಬರ್ಕೊಂಡು ಬನ್ನಿ. ಫೋಟೋಗಳನ್ನ ವಾಟ್ಸಾಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನ ಹಿಂಡಿ ಹಿಪ್ಪೆ ಮಾಡುತ್ತೆ, ಅಚ್ಚಿನಲ್ಲಿ ಮದುಮಗನ ಮುಖ ಚೌಕಚೌಕ ಬರುತ್ತೆ. ಪೆನ್‌ಡ್ರೈವ್ ತಂದರೆ ನಾನು ಮೊದಲು ಸ್ಕ್ಯಾನ್ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಮತ್ತೆ ಮದುವೆ ಸೀಸನ್ನಿನಲ್ಲಿ ಪ್ರಬಂಧದವರು ದಯವಿಟ್ಟು ಸಂಜೆ ಏಳರ ಮೇಲೆ ಬನ್ನಿ.